ಸಾಗರದಲ್ಲಿ ಕೆತ್ತಿಸಿದ ಸಂತ ಲಾರೆನ್ಸರ ಪ್ರತಿಮೆ

ತೀರ್ಥಹಳ್ಳಿಯಿಂದ ಒಳದಾರಿ ಹಿಡಿದು ಹೋದರೆ ಸಿಗುವ ಒಂದು ಹಳ್ಳಿಯಲ್ಲಿ ನಮ್ಮದು ಇಪ್ಪತ್ತೆರಡು ಕ್ರೈಸ್ತ ಮನೆಗಳ ಚಿಕ್ಕ ವಾಳೆ. ಅಡಿಕೆ ತೋಟದ ಅಂಚಿನಲ್ಲಿ ಹೆಂಚು ಹೊದಿಸಿದ ಪ್ರಾರ್ಥನಾ ಮಂದಿರವಿದೆ. ಫಾದರ್ ತಿಂಗಳಿಗೊಮ್ಮೆ ಬಂದು ಬಲಿಪೂಜೆ (ಚರ್ಚಿನ ‘ಮಾಸ್’ ಆರಾಧನೆ) ಅರ್ಪಿಸುತ್ತಾರೆ. ಅಲ್ಲಿ ಮೂವತ್ತು ಮಳೆಗಾಲ ಕಂಡ, ಪ್ಲಾಸ್ಟರಿನ ಸಂತ ಲಾರೆನ್ಸರ ಪ್ರತಿಮೆಯೊಂದಿತ್ತು. ಬಣ್ಣ ಹಕ್ಕಳೆಯೆದ್ದು, ಬೆನ್ನಿಗೆಲ್ಲ ಬೂಸ್ಟು ಹಿಡಿದು, ಕೈಯಲ್ಲಿದ್ದ ಜಾಲರಿ ಎಂದೋ ಮುರಿದು ಬಿದ್ದಿತ್ತು. ಆ ಜಾಗಕ್ಕೆ ಯಾರೋ ಪುಣ್ಯಾತ್ಮರು ಸಂತೆಯಲ್ಲಿ ಸಿಗುವ ಹಪ್ಪಳ ಸುಡುವ ಜಾಲರಿಯನ್ನು ತಂತಿಯಿಂದ ಬಿಗಿದಿದ್ದರು. ನೋಡಿದವರಿಗೆ ನಗು ಬರುತ್ತಿತ್ತು, ಆದರೆ ತಪ್ಪೆಂದು ಹೇಳುವಂತೆಯೂ ಇರಲಿಲ್ಲ. ಈ ಸಂತರನ್ನು ಯಾವುದರ ಮೇಲೆ ಮಲಗಿಸಿ ಸುಟ್ಟರೆಂದು ಪರಂಪರೆ ಹೇಳುತ್ತದೆಯೋ ಆ ಸಾಧನವೂ ಹೆಚ್ಚುಕಡಿಮೆ ಅಂಥದ್ದೇ.

ಈ ವರ್ಷ ವಾಳೆಯವರೆಲ್ಲ ಸೇರಿ ಹೊಸದೊಂದನ್ನು ಮಾಡಿಸಿದೆವು. ಸಾಗರದ ಒಬ್ಬ ಗುಡಿಗಾರರು ಶಿವನೆ ಮರದಲ್ಲಿ ಕೆತ್ತಿಕೊಟ್ಟ ಆ ಪ್ರತಿಮೆಯ ಗುಣದೋಷಗಳನ್ನು, ಅವರ ಕೆಲಸದ ರೀತಿಯನ್ನು, ಇಂಥದ್ದನ್ನು ಮಾಡಿಸಬೇಕೆಂದಿರುವ ಇತರ ಧರ್ಮಕೇಂದ್ರದವರಿಗೆ ಉಪಯೋಗವಾಗಲೆಂದು ಬರೆಯುತ್ತಿದ್ದೇನೆ. ಖರ್ಚಿನ ಲೆಕ್ಕ ಬರೆದವನು ನಾನೇ ಆದ್ದರಿಂದ ಹಣದ ವಿಷಯವನ್ನೂ ಮುಚ್ಚಿಡುವುದಿಲ್ಲ.

ಮೊದಲು ನಾವು ಅಂಗಡಿಗಳಲ್ಲೇ ವಿಚಾರಿಸಿದೆವು. ಶಿವಮೊಗ್ಗದಲ್ಲೂ ಮಂಗಳೂರಿನಲ್ಲೂ ಫೈಬರಿನ ಪ್ರತಿಮೆಗಳು ಸಿಗುತ್ತವೆ. ಹಗುರವಾಗಿರುತ್ತವೆ, ತೇವಕ್ಕೆ ಹೆದರುವುದಿಲ್ಲ, ಬೆಲೆಯೂ ಕಡಿಮೆ. ಆದರೆ ಒಂದು ಅಂಗಡಿಯಲ್ಲಿ ಸಂತ ಸ್ತೇಫನ, ಸಂತ ವಿನ್ಸೆಂಟ್, ಸಂತ ಲಾರೆನ್ಸ್ ಮೂವರಿಗೂ ಒಂದೇ ಅಚ್ಚು ಎಂಬುದು ಪಕ್ಕಪಕ್ಕದಲ್ಲಿ ನಿಲ್ಲಿಸಿ ನೋಡಿದಾಗ ತಿಳಿಯಿತು. ಮುಖ ಅದೇ, ನಿಲುವಂಗಿಯ ಮಡಿಕೆ ಅದೇ. ಕೈಯಲ್ಲಿರುವ ವಸ್ತು ಮಾತ್ರ ಬೇರೆ. ಮೂವರೂ ಡೀಕನರೇ (ಬಿಷಪರಿಗೆ ನೆರವಾಗುವ ಚರ್ಚಿನ ಸೇವಕರು), ಮೂವರೂ ರಕ್ತಸಾಕ್ಷಿಗಳೇ (ನಂಬಿಕೆಗಾಗಿ ಪ್ರಾಣ ಕೊಟ್ಟವರು) ಎನ್ನುವುದು ನಿಜವಾದರೂ, ಸ್ತೇಫನರ ಕಲ್ಲು ತೆಗೆದು ಜಾಲರಿ ಅಂಟಿಸಿದರೆ ಒಬ್ಬರು ಇನ್ನೊಬ್ಬರಾಗುತ್ತಾರೆ ಎನ್ನುವ ವ್ಯಾಪಾರ ನಮ್ಮ ಹಿರಿಯರಿಗೆ ಸರಿ ಕಾಣಲಿಲ್ಲ. ಸಾಗರಕ್ಕೆ ಹೋಗುವ ಮಾತು ಬಂದದ್ದು ಆಗ.

ಸಾಗರ ಸೊರಬದ ಗುಡಿಗಾರರ ಬಗ್ಗೆ ಮಲೆನಾಡಿನವರಿಗೆ ಹೇಳಬೇಕಾದ್ದೇನೂ ಇಲ್ಲ. ಗಂಧದ ಪೆಟ್ಟಿಗೆ, ದೇವರ ಮಂಟಪ, ಮದುವೆಯ ಬೆಂಡಿನ ಬಾಸಿಂಗ ಎಲ್ಲವೂ ಅವರ ಕೈಯಿಂದ ಬಂದವೇ. ನಾವು ಹೋದ ಕಾರ್ಯಾಗಾರ ಊರಿನ ಒಳಬೀದಿಯ ಒಂದು ಮನೆಯ ಜಗಲಿ. ಗಣಪತಿ, ಸರಸ್ವತಿ, ಅರ್ಧ ಮುಗಿದ ಯಕ್ಷಗಾನದ ಕಿರೀಟ, ಮೂಲೆಯಲ್ಲಿ ಸಿಗುರಿನ ರಾಶಿ. ಐವತ್ತು ದಾಟಿದ ಆ ಗುಡಿಗಾರರು ಅದುವರೆಗೆ ಒಬ್ಬ ಕ್ರೈಸ್ತ ಸಂತರನ್ನೂ ಕೆತ್ತಿರಲಿಲ್ಲ. ನಾವು ತೋರಿಸಿದ ಚಿತ್ರವನ್ನು ಬಹಳ ಹೊತ್ತು ನೋಡಿ ಅವರು ಕೇಳಿದ ಮೊದಲ ಪ್ರಶ್ನೆ, “ಮೇಷ್ಟ್ರೇ, ಇವ್ರು ಅಡುಗೆಯವ್ರಾ? ಕೈಯಾಗೆ ಹಪ್ಪಳ ಸುಡೋದು ಹಿಡ್ಕಂಡಾರಲ್ಲ?”

ಪ್ರಶ್ನೆ ಅಷ್ಟೇನೂ ದಾರಿ ತಪ್ಪಿದ್ದಲ್ಲ. ಸಂತ ಲಾರೆನ್ಸರನ್ನು ಅಡುಗೆಯವರು ತಮ್ಮ ಪಾಲಕ ಸಂತರೆಂದು ನಂಬುತ್ತಾರೆ, ಬೆಂಕಿಯ ನಡುವೆ ಕೆಲಸ ಮಾಡುವವರೂ ಹಾಗೆಯೇ. ಆದರೆ ಅವರು ಅಡುಗೆಯವರಾಗಿರಲಿಲ್ಲ. ಮೂರನೆಯ ಶತಮಾನದ ರೋಮಿನಲ್ಲಿ ಧರ್ಮಸಭೆಯ ಏಳು ಮಂದಿ ಡೀಕನರಲ್ಲಿ ಒಬ್ಬರು. ಹಣಕಾಸು ನೋಡಿಕೊಳ್ಳುವುದು, ಬಡವರಿಗೆ ಹಂಚುವುದು ಅವರ ಪಾಲಿನ ಕೆಲಸ. ಅದು ಸಣ್ಣ ಹೊಣೆಯಾಗಿರಲಿಲ್ಲ. 251ರ ಸುಮಾರಿಗೆ ಪೋಪ್ ಕೊರ್ನೇಲಿಯಸ್ ಬರೆದ ಒಂದು ಪತ್ರದಲ್ಲಿ ರೋಮಿನ ಧರ್ಮಸಭೆಯ ಲೆಕ್ಕವಿದೆ: 46 ಮಂದಿ ಗುರುಗಳು, 7 ಮಂದಿ ಡೀಕನರು, ಮತ್ತು ಸಭೆಯೇ ಸಾಕುತ್ತಿದ್ದ 1500ಕ್ಕೂ ಹೆಚ್ಚು ವಿಧವೆಯರು ಮತ್ತು ದಿಕ್ಕಿಲ್ಲದವರು. ಸರಕಾರದ ಮಾನ್ಯತೆಯಿಲ್ಲದ, ಯಾವಾಗ ಬೇಕಾದರೂ ಹಿಡಿದೊಯ್ಯಬಹುದಾದ ಒಂದು ಸಮುದಾಯ ದಿನಾ ಅಷ್ಟು ಹೊಟ್ಟೆಗಳನ್ನು ತುಂಬಿಸುತ್ತಿತ್ತು ಎಂದರೆ ಅದರ ಲೆಕ್ಕದ ಪುಸ್ತಕ ಹಿಡಿದವನ ಮೇಲೆ ಅಧಿಕಾರಿಗಳ ಕಣ್ಣು ಬಿದ್ದದ್ದು ಆಶ್ಚರ್ಯವಲ್ಲ.

ನಾನು ಇದನ್ನು ಜಗಲಿಯ ಮೇಲೆ ಕುಳಿತು ವಿವರಿಸುತ್ತಿದ್ದಂತೆ ಗುಡಿಗಾರರು ಉಳಿ ಕೆಳಗಿಟ್ಟು ಕೇಳಿದರು. ಚಕ್ರವರ್ತಿ ವಲೇರಿಯನ್ 257ರಲ್ಲಿ ಒಮ್ಮೆ, 258ರಲ್ಲಿ ಮತ್ತೊಮ್ಮೆ ಕ್ರೈಸ್ತರ ಮೇಲೆ ಆಜ್ಞೆ ಹೊರಡಿಸಿದ. ಎರಡನೆಯದು ಕ್ರೂರವಾದದ್ದು: ಬಿಷಪರು, ಗುರುಗಳು, ಡೀಕನರನ್ನು ವಿಳಂಬವಿಲ್ಲದೆ ಕೊಲ್ಲಬೇಕು, ಉನ್ನತ ಸ್ಥಾನದ ಕ್ರೈಸ್ತರ ಪದವಿಯನ್ನೂ ಆಸ್ತಿಯನ್ನೂ ಕಿತ್ತುಕೊಳ್ಳಬೇಕು. ಆಗಸ್ಟ್ 6ರಂದು ಪೋಪ್ ಎರಡನೆಯ ಸಿಕ್ಸ್ತಸರನ್ನು ನೆಲದಡಿಯ ಸಮಾಧಿಸ್ಥಳದಲ್ಲಿ ಹಿಡಿದು, ಅವರೊಂದಿಗೆ ಕೆಲವು ಡೀಕನರನ್ನೂ ಕೊಂದರು. ಲಾರೆನ್ಸರ ಸಾವು ನಾಲ್ಕು ದಿನದ ನಂತರ, ಆಗಸ್ಟ್ 10ರಂದು. ಆ ನಡುವಿನ ದಿನಗಳ ಕತೆಯೇ ಅವರನ್ನು ಇಂದಿಗೂ ಉಳಿಸಿರುವುದು. ನಗರದ ಅಧಿಕಾರಿ ಧರ್ಮಸಭೆಯ ಸಂಪತ್ತನ್ನೆಲ್ಲ ತಂದೊಪ್ಪಿಸು ಎಂದನಂತೆ. ಲಾರೆನ್ಸರು ಮೂರು ದಿನದ ಗಡುವು ಕೇಳಿ, ಇದ್ದದ್ದನ್ನೆಲ್ಲ ಹಂಚಿ, ಕುರುಡರು, ಕುಂಟರು, ವಿಧವೆಯರು, ಅನಾಥರನ್ನು ಕರೆತಂದು ಸಾಲಾಗಿ ನಿಲ್ಲಿಸಿ, ಇವರೇ ನಮ್ಮ ಸಂಪತ್ತು ಎಂದರಂತೆ. ಸಿಟ್ಟಿಗೆದ್ದ ಅಧಿಕಾರಿ ಅವರನ್ನು ಕಬ್ಬಿಣದ ಜಾಲರಿಯ ಮೇಲೆ ಮಲಗಿಸಿ ಕೆಳಗೆ ಕೆಂಡ ಹರಡಿಸಿದ; ಅವರು ಅಲ್ಲಿಂದಲೇ, ಈ ಮಗ್ಗುಲು ಬೆಂದಿದೆ, ಇನ್ನು ಮಗುಚಿ ಹಾಕು ಎಂದರು ಎನ್ನುವಲ್ಲಿಗೆ ಕತೆ ಮುಗಿಯುತ್ತದೆ.

ಗುಡಿಗಾರರು ಸ್ವಲ್ಪ ಹೊತ್ತು ಸುಮ್ಮನಿದ್ದರು. ಆಮೇಲೆ ಹೇಳಿದ್ದು ಇಷ್ಟು: “ಹಂಚೋದು ಇವ್ರ ಕೆಲ್ಸ ಅಂದ್ರೆ ಸಂಚಿ ಬೇಕಲ್ಲ ಮೇಷ್ಟ್ರೇ. ಈ ಚಿತ್ರದಾಗೆ ಸಂಚಿನೇ ಇಲ್ಲ.”

ಯುರೋಪಿನ ಹಳೆಯ ಚಿತ್ರಗಳಲ್ಲಿ ಲಾರೆನ್ಸರ ಕೈಯಲ್ಲಿ ಹಣದ ಚೀಲವೂ ಕಾಣುವುದುಂಟು. ಅದನ್ನು ನಾನು ಹೇಳುವ ಮೊದಲೇ ಅವರೇ ಅಲ್ಲಿಗೆ ಬಂದು ಮುಟ್ಟಿದ್ದರು. ಮುಂಗಡ ಕೊಡುವ ನಿರ್ಧಾರವನ್ನು ನಾನು ಆ ಕ್ಷಣವೇ ಮಾಡಿದೆ.

ಜಾಲರಿಯ ವಿಷಯದಲ್ಲಿ ಮಾತ್ರ ನಮ್ಮೊಳಗೇ ಚರ್ಚೆ ನಡೆಯಿತು, ಅದನ್ನು ಇಲ್ಲಿ ಸ್ವಲ್ಪ ವಿಸ್ತಾರವಾಗಿ ಬರೆಯುವುದು ಅಗತ್ಯ, ಏಕೆಂದರೆ ಪ್ರತಿಮೆಯ ರಚನೆ ಅದರ ಮೇಲೆಯೇ ನಿಂತಿದೆ. ಲಾರೆನ್ಸರು ರಕ್ತಸಾಕ್ಷಿಯಾದದ್ದರಲ್ಲಿ, ಅವರನ್ನು ತಿಬುರ್ತಿನಾ ಹೆದ್ದಾರಿಯ ಬದಿಯಲ್ಲಿ ಹೂಳಿದ್ದರಲ್ಲಿ, ನಾಲ್ಕನೆಯ ಶತಮಾನದಲ್ಲಿ ಚಕ್ರವರ್ತಿ ಕಾನ್‌ಸ್ಟಂಟೈನ್ ಅಲ್ಲಿ ದೇವಾಲಯ ಕಟ್ಟಿಸಿದ್ದರಲ್ಲಿ ಅನುಮಾನವಿಲ್ಲ. ಆದರೆ ಜಾಲರಿಯ ವಿವರ ಸಿಗುವುದು ಬಹಳ ತಡವಾಗಿ, ಮಿಲಾನಿನ ಬಿಷಪ್ ಅಂಬ್ರೋಸರ ಮತ್ತು ಸ್ಪೇನಿನ ಕವಿ ಪ್ರುಡೆನ್ಷಿಯಸ್‌ನ ಬರಹಗಳಲ್ಲಿ. ಆ ಎರಡೂ ಬರಹಗಳು ಲಾರೆನ್ಸರ ಸಾವಿನ ಸುಮಾರು ನೂರಮೂವತ್ತು, ನೂರನಲವತ್ತು ವರ್ಷಗಳ ನಂತರದವು. ಅವರಿಗಿಂತ ಸ್ವಲ್ಪ ಹಿಂದಿನ ಪೋಪ್ ಡಮಾಸಸರ ಪದ್ಯದಲ್ಲಿ ಏಟು, ಬೆಂಕಿ, ಸರಪಳಿಗಳ ಹೆಸರು ಬರುತ್ತದೆ, ಅಷ್ಟೇ. ವಿಳಂಬವಿಲ್ಲದೆ ಕೊಲ್ಲಿ ಎಂಬ ಆಜ್ಞೆಯಿದ್ದಾಗ ಮೂರು ದಿನದ ಗಡುವು, ನಿಧಾನದ ಬೆಂಕಿ ಇವೆಲ್ಲ ಹೇಗೆ ಹೊಂದುತ್ತವೆ, ಸಿಕ್ಸ್ತಸರಂತೆ ಇವರನ್ನೂ ಕತ್ತಿಯಿಂದಲೇ ಕೊಂದಿರಬೇಕಲ್ಲವೆ ಎಂದು ಕೇಳುವ ವಿದ್ವಾಂಸರಿದ್ದಾರೆ. ಅವರಲ್ಲಿ ಕೆಲವರ ಒಂದು ಊಹೆ ನನಗೆ ಬಹಳ ಇಷ್ಟ. ರಕ್ತಸಾಕ್ಷಿಗಳ ಪಟ್ಟಿಯಲ್ಲಿ ‘ಪಾಸ್ಸುಸ್ ಎಸ್ತ್’, ಅಂದರೆ ‘ನೊಂದರು’, ಎಂದು ಬರೆದಿದ್ದುದರಲ್ಲಿ ಮೊದಲ ಅಕ್ಷರ ಬಿದ್ದುಹೋಗಿ ‘ಆಸ್ಸುಸ್ ಎಸ್ತ್’, ಅಂದರೆ ‘ಬೆಂದರು’, ಎಂದಾಗಿರಬಹುದಂತೆ. ಲ್ಯಾಟಿನ್ನಿನ ಈ ಎಡವಟ್ಟು ಕನ್ನಡದಲ್ಲೂ ಒಂದಕ್ಷರದ ಅಂತರದಲ್ಲೇ ನಿಲ್ಲುತ್ತದೆ ಎನ್ನುವುದು ನನಗೆ ಹೊಳೆದದ್ದು ಸಾಗರದಿಂದ ಹಿಂದಿರುಗುವ ಬಸ್ಸಿನಲ್ಲಿ: ನೊಂದರು, ಬೆಂದರು. ನಾವು ಎರಡನ್ನೂ ಸೇರಿಸಿಯೇ ನೊಂದು ಬೆಂದವರು ಎನ್ನುತ್ತೇವಲ್ಲ.

ನಮ್ಮ ಹಿರಿಯರಿಗೆ ಈ ಊಹೆ ರುಚಿಸಲಿಲ್ಲ. ಅವರು ಲಾರೆನ್ಸರನ್ನು ಬಲ್ಲದ್ದು ಪಟ್ಟಿಗಳಿಂದಲ್ಲ, ಅತ್ತೂರಿನ ಸಂತ ಲಾರೆನ್ಸರ ಚರ್ಚಿನಿಂದ. ಪ್ರತಿ ಜನವರಿಯಲ್ಲಿ ಆಗುಂಬೆ ಘಾಟಿ ಇಳಿದು, ಸೋಮೇಶ್ವರ, ಹೆಬ್ರಿ ದಾಟಿ, ಕಾರ್ಕಳದ ಪಕ್ಕದ ಆ ಜಾತ್ರೆಗೆ ಹೋಗಿ ಮೊಂಬತ್ತಿ ಹಚ್ಚಿ ಬರುವುದು ನಮ್ಮ ಕಡೆಯ ಕ್ರೈಸ್ತರಿಗಷ್ಟೇ ಅಲ್ಲ, ಹರಕೆ ಹೊತ್ತ ಎಲ್ಲರಿಗೂ ರೂಢಿ. 2016ರಲ್ಲಿ ಅತ್ತೂರು ಚರ್ಚಿಗೆ ಕಿರಿಯ ಬಸಿಲಿಕಾದ ಸ್ಥಾನ, ಅಂದರೆ ಪೋಪರು ಕೊಡುವ ವಿಶೇಷ ಗೌರವ, ಸಿಕ್ಕ ಮೇಲೆ ಜನಸಂದಣಿ ಇನ್ನೂ ಹೆಚ್ಚಿದೆ. ನಾನು ಮೊದಲ ಸಲ ಹೋದಾಗ ಏಳು ವರ್ಷದವನು; ಜಾತ್ರೆಯ ಮಿಠಾಯಿ, ಪುಷ್ಕರಿಣಿಯ ತಣ್ಣನೆಯ ನೀರು, ಹಿಂದಿರುಗುವಾಗ ಘಾಟಿಯ ತಿರುವುಗಳಲ್ಲಿ ಆ ಮಿಠಾಯಿಯೆಲ್ಲ ಹೊರಬಂದದ್ದು ಚೆನ್ನಾಗಿ ನೆನಪಿದೆ. ಅಲ್ಲಿಗೆ ಹೋಗಿ ಬಂದವರ ಮುಂದೆ ಜಾಲರಿಯಿಲ್ಲದ ಲಾರೆನ್ಸರನ್ನು ನಿಲ್ಲಿಸಿದರೆ ಇವರು ಯಾರು ಎಂದು ಕೇಳಿಯಾರು ಎಂಬ ಅವರ ಮಾತಿನಲ್ಲಿ ಹುರುಳಿತ್ತು. ಕೊನೆಗೆ ಜಾಲರಿ ಇರಲಿ, ಆದರೆ ಕೈಯಲ್ಲಿ ಬೇಡ, ಎಡಗಾಲಿಗೆ ಒರಗಿಸಿದಂತೆ ನೆಲದ ಮೇಲಿರಲಿ, ಕೈಗೆ ಸಂಚಿ ಬರಲಿ ಎಂದು ಒಪ್ಪಂದವಾಯಿತು. ಗುಡಿಗಾರರು ಇದನ್ನು ಕೇಳಿ, ಭಾರ ಕೆಳಗೆ ಹೋದರೆ ಮೂರ್ತಿ ಗಟ್ಟಿಯಾಗಿ ನಿಲ್ಲುತ್ತದೆ ಎಂದು ತಮ್ಮದೇ ಕಾರಣಕ್ಕೆ ಸಂತೋಷಪಟ್ಟರು.

ಈಗ ಪ್ರತಿಮೆಯ ಮಾತು. ಎತ್ತರ ಪೀಠ ಸೇರಿ ಎರಡೂಕಾಲು ಅಡಿ. ಮೈ ಒಂದೇ ತುಂಡಿನದು; ಜಾಲರಿ ಮತ್ತು ಬಲಗೈಯ ಗರಿ ಮಾತ್ರ ಬೇರೆ ಮಾಡಿ ಕೂಡಿಸಿದವು. ಬಣ್ಣ ಬೇಡವೆಂದಿದ್ದೆವು. ಶಿವನೆಯ ತಿಳಿ ಹಳದಿ ಮೈಬಣ್ಣವನ್ನು ಹಾಗೆಯೇ ಬಿಟ್ಟು, ಮೇಲೆ ಮಂದವಾದ ಪಾಲಿಶ್ ಕೊಟ್ಟಿದ್ದಾರೆ, ಹೊಳಪು ಕಣ್ಣಿಗೆ ಚುಚ್ಚುವುದಿಲ್ಲ. ಡೀಕನರು ತೊಡುವ ಅಗಲ ತೋಳಿನ ನಿಲುವಂಗಿಯನ್ನು ಮೊಣಕಾಲಿನ ಕೆಳಗಿನವರೆಗೆ ಇಳಿಬಿಟ್ಟು, ಅಂಚಿಗೆ ಒಂದೇ ಒಂದು ಸಣ್ಣ ಬಳ್ಳಿಯ ಸಾಲು ಕೆತ್ತಿದ್ದಾರೆ. ಗುಡಿಗಾರರ ಕೈಗೆ ಬಳ್ಳಿ ಸಿಕ್ಕಿದರೆ ಅದು ಪೀಠದಿಂದ ಮುಡಿಯವರೆಗೆ ಹಬ್ಬಿಬಿಡಬಹುದೆಂಬ ಭಯ ನನಗಿತ್ತು, ಅವರು ತಡೆದುಕೊಂಡಿದ್ದಾರೆ.

ಎಲ್ಲಕ್ಕಿಂತ ಮಿಗಿಲಾದದ್ದು ಆ ಸಂಚಿ. ಎಡಗೈಯ ಅಂಗೈ ಮೇಲ್ಮುಖವಾಗಿ ಚಾಚಿದೆ. ಅದರ ಮೇಲೆ, ನಮ್ಮ ಅಜ್ಜಿಯರ ಸೊಂಟದಲ್ಲಿ ಇರುತ್ತಿದ್ದ ಎಲೆಅಡಿಕೆ ಸಂಚಿಯಂತಹ ಒಂದು ಬಟ್ಟೆಯ ಚೀಲ ಬಾಯಿ ತೆರೆದು ಮಲಗಿದೆ. ಬಾಯಿಯ ಸುತ್ತ ದಾರ ಪೋಣಿಸಿದ ನೆರಿಗೆಗಳು, ದಾರದ ಎರಡು ತುದಿಗೂ ಗಂಟು, ಒಂದು ಗಂಟು ಬೆರಳುಗಳ ನಡುವೆ ಜಾರಿ ಕೆಳಗೆ ತೂಗುತ್ತಿದೆ. ಚೀಲದ ಹೊಟ್ಟೆ ಉಬ್ಬಿಲ್ಲ. ಒಳಗಿದ್ದದ್ದೆಲ್ಲ ಆಗಲೇ ಹೋಗಿದೆ ಎಂಬಂತೆ ಮಧ್ಯದಲ್ಲಿ ಕುಸಿದು, ಬಟ್ಟೆಯ ಒಂದು ಮಗ್ಗುಲು ಇನ್ನೊಂದಕ್ಕೆ ಅಂಟಿದೆ. ಮರದಲ್ಲಿ ತುಂಬಿದ ಚೀಲ ಮಾಡುವುದು ಸುಲಭ, ಬರಿದಾದ ಚೀಲ ಮಾಡುವುದು ಕಷ್ಟ ಎಂದು ಅವರೇ ಹೇಳಿದರು, ಏಕೆಂದರೆ ಒಳಗನ್ನು ತೋಡಬೇಕು, ಗೋಡೆ ತೆಳ್ಳಗಾಗಬೇಕು, ಆದರೆ ಸೀಳಬಾರದು. ಅದೊಂದಕ್ಕೇ ಹನ್ನೊಂದು ದಿನ ಹಿಡಿಯಿತಂತೆ. ಲಾರೆನ್ಸರ ಹೆಸರಿನಲ್ಲಿ ಜಗತ್ತಿನಲ್ಲಿ ದೊಡ್ಡ ದೊಡ್ಡ ಸಂಗತಿಗಳಿವೆ. 1557ರ ಆಗಸ್ಟ್ 10ರಂದು ಯುದ್ಧ ಗೆದ್ದ ಸ್ಪೇನಿನ ದೊರೆ ಎರಡನೆಯ ಫಿಲಿಪ್ ಅವರ ಹೆಸರಿನಲ್ಲಿ ಎಸ್ಕೋರಿಯಲ್ ಎಂಬ ಅರಮನೆ ಮಠವನ್ನು 1563ರಿಂದ 1584ರವರೆಗೆ ಕಟ್ಟಿಸಿದ, ಅದರ ನಕ್ಷೆಯೇ ಜಾಲರಿಯ ಆಕಾರದ್ದೆಂದು ಜನ ಹೇಳುತ್ತಾರೆ. 1535ರ ಅದೇ ದಿನ ಫ್ರಾನ್ಸಿನ ನಾವಿಕ ಕಾರ್ತಿಯೇ ಕೆನಡಾದ ಒಂದು ಕೊಲ್ಲಿಗೆ ಇಟ್ಟ ಹೆಸರು ಮುಂದೆ ಅಲ್ಲಿನ ಮಹಾನದಿಗೂ ಹಬ್ಬಿತು. ಆಗಸ್ಟ್ ತಿಂಗಳ ಉಲ್ಕೆಗಳನ್ನು ಯುರೋಪಿನ ಹಳ್ಳಿಗರು ಸಂತ ಲಾರೆನ್ಸರ ಕಣ್ಣೀರು ಎನ್ನುತ್ತಾರೆ. (ಮಲೆನಾಡಿನಲ್ಲಿ ಆಗಸ್ಟಿನ ಆಕಾಶ ಕಂಡವರಿಲ್ಲವಾದ್ದರಿಂದ ಆ ಕಣ್ಣೀರು ನಮಗೆ ಮಳೆಯ ರೂಪದಲ್ಲೇ ಸಿಗಬೇಕು.) ಇಷ್ಟೆಲ್ಲ ಇದ್ದೂ ಅವರ ಬದುಕಿನ ಕೆಲಸ ಏನಾಗಿತ್ತೆಂಬುದನ್ನು ಆ ಅಂಗೈಯಗಲದ ಬರಿದಾದ ಸಂಚಿಯಷ್ಟು ನೇರವಾಗಿ ಹೇಳಿದ್ದನ್ನು ನಾನು ಬೇರೆಲ್ಲೂ ಕಂಡಿಲ್ಲ.

ಮುಖದ ಬಗ್ಗೆ ವಾಳೆಯಲ್ಲಿ ಎರಡು ಅಭಿಪ್ರಾಯವಿದೆ. ಸಂಪ್ರದಾಯದಂತೆ ಗಡ್ಡವಿಲ್ಲದ ಯುವಕನ ಮುಖವೇ, ಆದರೆ ತುಟಿಯ ಒಂದು ಕೊನೆಯಲ್ಲಿ ಇನ್ನೇನು ನಗುತ್ತಾರೆ ಎನ್ನುವಂತಹ ಸಣ್ಣ ಗೆರೆಯಿದೆ. ಸಂತರು ಗಂಭೀರವಾಗಿರಬೇಕು ಎಂದವರುಂಟು. ಮಗುಚಿ ಹಾಕು ಎಂದು ಕೊಲ್ಲುವವನಿಗೇ ಹೇಳಿದವರ ಮುಖ ಬೇರೆ ಹೇಗಿರಬೇಕು ಎಂಬುದು ನನ್ನ ಪ್ರಶ್ನೆ. ಕತೆ ನಿಜವಿರಲಿ ಬಿಡಲಿ, ಆ ಕತೆಯನ್ನು ಸಾವಿರದಾರುನೂರು ವರ್ಷ ಕೈದಾಟಿಸಿದ ಜನ ಅವರನ್ನು ಹಾಗೆಯೇ ಕಂಡಿದ್ದಾರೆ.

ದೋಷಗಳನ್ನೂ ಹೇಳಬೇಕು. ಮೊದಲನೆಯದು ಬಲಗೈಯ ಗರಿ. ರಕ್ತಸಾಕ್ಷಿಗಳ ಕೈಯಲ್ಲಿರುವುದು ಖರ್ಜೂರದ ಗರಿ, ವಿಜಯದ ಗುರುತು. ನಾವು ಕೊಟ್ಟ ಚಿತ್ರದಲ್ಲಿ ಅದು ಸ್ಪಷ್ಟವಿರಲಿಲ್ಲ, ಗುಡಿಗಾರರು ಹಿತ್ತಲಿಗೆ ಹೋಗಿ ಕಣ್ಣಿಗೆ ಕಂಡದ್ದನ್ನು ಕೆತ್ತಿದ್ದಾರೆ; ಹಾಗಾಗಿ ರೋಮಿನ ಡೀಕನರ ಕೈಯಲ್ಲಿ ಈಗ ಇರುವುದು ಅಚ್ಚುಕಟ್ಟಾದ ಅಡಿಕೆ ಸೋಗೆ. ಒಂದು ಈಚಲು ಗರಿ ತೋರಿಸಿದ್ದರೆ ಸಾಕಿತ್ತು, ತಪ್ಪು ನಮ್ಮದೂ ಹೌದು. ತೋಟದವರಾದ ನಮ್ಮ ಜನಕ್ಕೆ ಅದು ದೋಷವೆಂದು ಅನ್ನಿಸಿಯೇ ಇಲ್ಲ, ಆದರೆ ದೊಡ್ಡ ಚರ್ಚಿಗೆ ಮಾಡಿಸುವವರು ಎಚ್ಚರ ವಹಿಸಬೇಕು. ಎರಡನೆಯದು ಜಾಲರಿ. ಮರದ ಸರಳುಗಳು ತೀರ ಸಣ್ಣವು. ಹಳೆಯ ಸೀರೆಗಳಲ್ಲಿ ಸುತ್ತಿ, ಬಸ್ಸಿನಲ್ಲಿ ತೊಡೆಯ ಮೇಲಿಟ್ಟುಕೊಂಡು ತಂದರೂ ಒಂದು ಸರಳು ಬಿರುಕು ಬಿಟ್ಟಿತು. ಇದನ್ನು ಹಿತ್ತಾಳೆಯಲ್ಲಿ ಮಾಡಿಸುವುದೇ ಲೇಸು. ಮೂರನೆಯದು ತಡ. ಫೆಬ್ರವರಿಯಲ್ಲಿ ಮುಂಗಡ ಕೊಟ್ಟಾಗ ಜೂನ್ ಕೊನೆಗೆ ಎಂದಿದ್ದರು. ಮದುವೆಯ ಕಾಲದ ಮಂಟಪದ ಕೆಲಸ, ಆಮೇಲೆ ಮರ ಹದವಾಗಿ ಒಣಗಿಲ್ಲ ಎಂಬ ಕಾರಣ, ಆಮೇಲೆ ಫೋನ್ ಎತ್ತದ ಎರಡು ವಾರ. ಹಬ್ಬಕ್ಕೆ ನಾಲ್ಕೇ ದಿನ ಇರುವಾಗ, ಆಗಸ್ಟ್ 6ರಂದು, ಪ್ರತಿಮೆ ಕೈಗೆ ಸಿಕ್ಕಿತು. ಸಿಕ್ಸ್ತಸರ ದಿನವೇ ಎಂದು ನಾನು ಸಮಾಧಾನ ಮಾಡಿಕೊಂಡೆ, ಆದರೆ ಆ ಎರಡು ವಾರ ವಾಳೆಯವರಿಗೆ ಉತ್ತರ ಹೇಳಿದವನು ನಾನು. ಮಾಡಿಸುವವರು ಹಬ್ಬದ ದಿನಕ್ಕೆ ಎರಡು ತಿಂಗಳು ಮುಂಚಿನ ದಿನಾಂಕವನ್ನೇ ಹೇಳುವುದು ಕ್ಷೇಮ. ಮರದ ವಿಷಯದಲ್ಲಿ ಮಾತ್ರ ಅವರು ಹೇಳಿದ್ದು ಸರಿಯಾಗಿತ್ತು. ಹಸಿ ಇದ್ದಾಗ ಕೆತ್ತಿದ ಮರ ನಮ್ಮ ಚಳಿಗಾಲದ ಒಣಗಾಳಿಗೆ ಸೀಳುತ್ತದೆ, ಮಳೆಗಾಲದಲ್ಲಿ ಕುಟ್ಟೆ ಹಿಡಿಯುತ್ತದೆ.

ಒಟ್ಟು 26,000 ರೂಪಾಯಿ ಆಯಿತು, ಅದರಲ್ಲಿ 10,000 ಮುಂಗಡ. ಗಂಧದಲ್ಲಾದರೆ ಈ ಅಳತೆಗೆ ನಾವು ಬಾಯಿ ಹಾಕುವಂತೆಯೇ ಇರಲಿಲ್ಲ. ಫೈಬರಿನ ಪ್ರತಿಮೆಗಿಂತ ಮೂರು ಪಟ್ಟು ಹೆಚ್ಚು ಎಂಬುದು ನಿಜ, ಐದು ತಿಂಗಳ ಕೈಕೆಲಸಕ್ಕೆ ಇದು ಹೆಚ್ಚಲ್ಲ ಎಂಬುದೂ ನಿಜ. ಚೌಕಾಸಿ ಮಾಡಲು ಹೋದ ನಮ್ಮ ಖಜಾಂಚಿಯವರು ಆ ಸಂಚಿಯನ್ನು ಕಂಡ ಮೇಲೆ ಬಾಯಿ ಬಿಡಲಿಲ್ಲ.

ಆಗಸ್ಟ್ 10ರ ಬೆಳಿಗ್ಗೆ ಹೊರಗೆ ಕಿವಿ ಕೇಳಿಸದಷ್ಟು ಮಳೆ ಹೊಯ್ಯುತ್ತಿದ್ದಾಗ ಫಾದರ್ ಬಂದು ಪ್ರತಿಮೆಯನ್ನು ಆಶೀರ್ವದಿಸಿದರು. ಪೂಜೆ ಮುಗಿದು ಎಲ್ಲರೂ ಕಾಫಿಗೆ ಎದ್ದಾಗ, ನಮ್ಮ ವಾಳೆಯ ಅತ್ಯಂತ ಹಿರಿಯ ಅಜ್ಜಿಯೊಬ್ಬರು ಹತ್ತಿರ ಬಂದು, ಪ್ರತಿಮೆಯ ಕಾಲು ಮುಟ್ಟಿ, ಸೆರಗಿನ ಗಂಟು ಬಿಚ್ಚಿ ಹತ್ತು ರೂಪಾಯಿಯ ನಾಣ್ಯವೊಂದನ್ನು ಆ ಸಂಚಿಯೊಳಗೆ ಹಾಕಿದರು. ಅದನ್ನು ಕಂಡ ಮಕ್ಕಳು ಸುಮ್ಮನಿರುತ್ತಾರೆಯೇ? ಈಗ ಬಂದವರೆಲ್ಲ ಹಾಕುತ್ತಾರೆ. ಕೆತ್ತಿದವರೂ ಮಾಡಿಸಿದವರೂ ಇದನ್ನು ಯೋಚಿಸಿರಲಿಲ್ಲ. ತೆಳ್ಳಗೆ ತೋಡಿದ ಬಾಯಿಯ ಅಂಚು ಒಂದು ಕಡೆ ಉಗುರಿನಷ್ಟು ಅಗಲಕ್ಕೆ ಚಕ್ಕೆ ಎದ್ದಿದೆ. ಗುಡಿಗಾರರಿಗೆ ಫೋನ್ ಮಾಡಿ ತಿಳಿಸಿದೆ, ಈ ಸಲ ಎತ್ತಿದರು. “ಸಂಚಿ ಅಂತ ಮಾಡಿದ್ಮೇಲೆ ಹಾಕ್ದೆ ಬಿಡ್ತಾರಾ ಮೇಷ್ಟ್ರೇ, ಬಾಯಿ ಒಂಚೂರು ದಪ್ಪ ಬಿಡ್ಬೇಕಿತ್ತು” ಎಂದರು. ದೀಪಾವಳಿ ಕಳೆದ ಮೇಲೆ ತಾವೇ ಬಂದು ಅಂಚನ್ನು ಸರಿ ಮಾಡಿ, ಹಿತ್ತಾಳೆಯ ಜಾಲರಿಯನ್ನೂ ಕೂಡಿಸಿಕೊಡುತ್ತಾರಂತೆ. ಅಲ್ಲಿಯವರೆಗೆ ಪ್ರತಿ ಭಾನುವಾರ ಸಂಚಿ ಬರಿದು ಮಾಡಿ ಪುಸ್ತಕದಲ್ಲಿ ಬರೆದಿಡುತ್ತಿದ್ದೇನೆ. ಕಳೆದ ವಾರದವರೆಗೆ 346 ರೂಪಾಯಿ.